ಹೊಳೆ ಸೀರೆಯ ಗಂಟು

ಮಳೆಗಾಲ ಶುರುವಾದ ಮೇಲೆ ಹುಣಸೂರಿನ ನಮ್ಮ ಬೀದಿಯ ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತದೆ. ಹೊಸ ನೀರು ಕೆಂಪಗೆ ಬರುತ್ತದೆಂದು ಪುರಸಭೆಯವರು ಒಂದು ಹಿಡಿ ಜಾಸ್ತಿಯೇ ಹಾಕುತ್ತಾರೆ. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಅದು ಬಿಸಿಲಿನ ವಾಸನೆ, ನೀಲಿ ಬಣ್ಣ ಬಳಿದ ಸಿಮೆಂಟಿನ ವಾಸನೆ, ಬಾಡಿಗೆಗೆ ಕೊಟ್ಟ ನೈಲಾನ್ ಬಟ್ಟೆ ಒದ್ದೆಯಾಗಿ ಮೈಗೆ ಅಂಟಿಕೊಂಡ ವಾಸನೆ. ಬಿಂದಿಗೆ ತುಂಬುವಷ್ಟರಲ್ಲಿ ನನ್ನ ಬಲಗೈ ತಾನಾಗಿ ಎಡಗೈಯ ಮುಂಗೈಯನ್ನು ಹಿಡಿದಿರುತ್ತದೆ. ಹಿಡಿದದ್ದು ನನಗೆ ಗೊತ್ತಾಗುವುದು ನೋವಾದ ಮೇಲೆಯೇ.

ಈ ಸಲ ಆ ವಾಸನೆಯ ಜೊತೆಗೆ ಇನ್ನೊಂದೂ ಬಂತು. ನನ್ನ ಮಗಳು ಸಿರಿಯ ಶಾಲೆಯಿಂದ ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರಂತೆ. ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ್ದರು, ನಮ್ಮ ಮಕ್ಕಳು ಮೊದಲ ಸಲ ಹೋಗುತ್ತಿರುವುದು, ಅಲ್ಲಿ ಏನೇನು ಮಾಡಲೇಬೇಕು, ಹೋಗಿ ಬಂದವರು ಹೇಳಿ ಎಂದು. ಒಬ್ಬರು ಜಾರುಬಂಡೆ ಅಂದರು, ಇನ್ನೊಬ್ಬರು ದೊಡ್ಡ ತೊಟ್ಟಿಲು ಅಂದರು. ಮೂರನೆಯವರು, ಏನು ಬಿಟ್ಟರೂ ಅಲೆಗೊಳ ಬಿಡಬೇಡಿ ಎಂದು ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದರು. ನಾನು ಫೋನನ್ನು ಮಗುಚಿ ಇಟ್ಟೆ. ಹೋಗಿ ಬಂದವಳು ನಾನೂ ಹೌದು.

ನಾನು ಹುಟ್ಟಿ ಬೆಳೆದ ಮನೆ ಸಾಲಿಗ್ರಾಮದಿಂದ ಸ್ವಲ್ಪ ದೂರ, ಹೊಳೆದಂಡೆಯ ಹಳ್ಳಿಯಲ್ಲಿತ್ತು. ಮುಂದೆ ನಾಲೆ, ಹಿಂದೆ ಕಾವೇರಿ, ನಡುವೆ ನಮ್ಮ ತೊಟ್ಟಿಮನೆ. ಹಾಗಾಗಿ ನಮ್ಮ ಗೋಡೆಗಳು ಬೇಸಿಗೆಯಲ್ಲೂ ತಣ್ಣಗೆ ಇರುತ್ತಿದ್ದವು. ಭತ್ತ ಬೇಯಿಸಿದ ದಿನ ಹಂಡೆಯ ಹಬೆ ತೊಟ್ಟಿಯ ಮೇಲಿನ ಆಕಾಶಕ್ಕೆ ಹೋಗುವುದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅಪ್ಪ, ಅವ್ವ, ಚಿಕ್ಕಪ್ಪ, ಎಲ್ಲರ ಮೇಲೆ ಅಜ್ಜಿ. ಅಜ್ಜಿಯ ಕೈಯ ಗಂಟಿಗೆ ಊರಲ್ಲೇ ಹೆಸರಿತ್ತು. ಹೋರಿ ಕಟ್ಟುವ ಹಗ್ಗವಾಗಲಿ, ಮೂಟೆಯ ಬಾಯಾಗಲಿ, ನನ್ನ ಜಡೆಯ ಟೇಪಾಗಲಿ, ಅವಳು ಹಾಕಿದ ಗಂಟು ಎಳೆದಷ್ಟೂ ಬಿಗಿಯುತ್ತಿತ್ತು. ಬಿಚ್ಚುವುದಕ್ಕೂ ಅವಳೇ ಬರಬೇಕಿತ್ತು.

ನಿಮ್ಮ ಮನೆಯಲ್ಲೂ ಇಂಥದೊಂದು ವಸ್ತು ಇದ್ದಿರಬಹುದು, ಹೊರಗಿನವರಿಗೆ ಚಿಂದಿ, ಒಳಗಿನವರಿಗೆ ಆಸ್ತಿ. ನಮ್ಮ ಮನೆಯಲ್ಲಿ ಅದು ಹೊಳೆ ಸೀರೆ. ಅಜ್ಜಿಯ ಅತ್ತೆಯ ಕಾಲದ ದಪ್ಪ ನೂಲಿನ ಸೀರೆ, ಕಾಫಿಪುಡಿಯ ಬಣ್ಣ, ಅಂಚು ಮಾತ್ರ ಇನ್ನೂ ಕೆಂಪು. ಅದನ್ನು ಯಾರೂ ಉಡುತ್ತಿರಲಿಲ್ಲ. ಹೆಂಗಸರು ಹೊಳೆಗೆ ಮೀಯಲು ಹೋಗುವಾಗ ಅದನ್ನು ಹುರಿಯಂತೆ ಹೊಸೆದು, ಒಂದು ತುದಿಯನ್ನು ದಡದ ಹೊಳೆಮತ್ತಿ ಮರದ ಬೇರಿಗೆ ಕಟ್ಟುತ್ತಿದ್ದರು. ಇನ್ನೊಂದು ತುದಿ ನೀರಿಗೆ. ಸಾಲಾಗಿ ಇಳಿದು ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಪಕ್ಕದವರ ಮುಂಗೈ ಹಿಡಿಯಬೇಕು. ಬೆರಳು ಹಿಡಿಯಬಾರದು, ಬೆರಳು ಜಾರುತ್ತದೆ. ಅವರು ನಮ್ಮ ಮುಂಗೈ ಹಿಡಿಯಬೇಕು, ನಾವು ಅವರದ್ದು. ಹೊಳೆ ಒಂದೇ ಕಡೆಗೆ ಹರಿಯುವುದರಿಂದ ಸೀರೆ ಯಾವಾಗಲೂ ಬಿಗಿಯಾಗಿಯೇ ಇರುತ್ತಿತ್ತು. ಯಾರಾದರೂ ಕಾಲು ಜಾರಿದರೆ ದಡದಲ್ಲಿ ಕೂತ ಅಜ್ಜಿ ಸೀರೆ ಜಗ್ಗುತ್ತಿದ್ದಳು, ಅಷ್ಟೆ. ತಲೆಮಾರುಗಳಿಂದ ನಮ್ಮ ಮನೆಯ ಒಂದು ಹೆಣ್ಣೂ ಹೊಳೆಯ ಪಾಲಾಗಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ನಾವು ಕಲಿತ ಮೊದಲ ನೀತಿಪಾಠವೂ ಅದೇ. “ಜೀವ ಓದ್ರೂ ನೀರಲ್ಲಿ ಕೈ ಬುಡಬ್ಯಾಡಿ.”

ಚಿಕ್ಕಪ್ಪನನ್ನು ಮದುವೆಯಾಗಿ ಚಿಕ್ಕವ್ವ ಈ ಮನೆಗೆ ಬಂದದ್ದು ಎಚ್.ಡಿ. ಕೋಟೆಯ ಆಚೆ, ಎನ್. ಬೇಗೂರಿನ ಕಡೆಯಿಂದ. ಹೆಸರು ಮಂಜುಳ. ಅವಳ ಊರಲ್ಲಿ ಹೊಳೆಯಿರಲಿಲ್ಲ, ಕಾಡಿತ್ತು. ಮರಗೆಣಸು ಬೇಯಿಸಿ ಕಾಯಿಚೂರು ಹಾಕಿ ಕೊಡುತ್ತಿದ್ದಳು, ಶುಂಠಿ ಹೊಲದ ಕೇರಳದವರಿಂದ ಕಲಿತ ಎರಡು ಮೂರು ಮಲೆಯಾಳಂ ಬೈಗುಳಗಳನ್ನು ಅರ್ಥ ಹೇಳದೆ ನನಗೆ ಕಲಿಸಿದ್ದಳು. ರಾತ್ರಿ ರಾಗಿ ಕಾಯಲು ಅಟ್ಟಣೆಯ ಮೇಲೆ ತನ್ನ ಅಪ್ಪನ ಜೊತೆ ಕೂತು ಆನೆ ಓಡಿಸಿದವಳು ಅವಳು. ಆದರೆ ಮೊಣಕಾಲುದ್ದ ನೀರು ಕಂಡರೂ ಅವಳ ಮುಖ ಬಿಳಚಿಕೊಳ್ಳುತ್ತಿತ್ತು. ಅವ್ವ ಛೇಡಿಸುತ್ತಿದ್ದಳು, ಆನೆಗೆ ಎದುರು ನಿಂತವಳು ಕಪ್ಪೆ ಕುಣಿಯೋ ಜಾಗಕ್ಕೆ ಹೆದರ್ತಾಳಲ್ಲ ಎಂದು. ಚಿಕ್ಕವ್ವನ ಉತ್ತರ ನನಗೆ ಈಗಲೂ ಅವಳ ದನಿಯಲ್ಲೇ ಕೇಳುತ್ತದೆ. “ಆನೆ ಬಂದ್ರೆ ಓಡೋಕೆ ನೆಲ ಅದೆ ಕಣಕ್ಕ. ನೀರು ಬಂದ್ರೆ ನೆಲಾನೇ ಓಯ್ತದಲ್ಲ.”

ಅದಕ್ಕೇ ಹೊಳೆಯಲ್ಲಿ ಅವಳಿಗೊಂದು ಬೇರೆ ಏರ್ಪಾಡು. ನಾವೆಲ್ಲ ಸೀರೆಯನ್ನು ಹಿಡಿದುಕೊಳ್ಳುತ್ತಿದ್ದೆವು, ಅವಳ ಸೊಂಟಕ್ಕೆ ಅಜ್ಜಿ ಸೀರೆಯ ತುದಿಯನ್ನು ಕಟ್ಟಿಯೇ ಬಿಡುತ್ತಿದ್ದಳು. ಕಟ್ಟಿದ ಮೇಲೆ ಗಂಟನ್ನು ಒಮ್ಮೆ ತಟ್ಟಿ, ಹೋಗು ಈಗ, ಯಮ ಬಂದ್ರೂ ನನ್ನ ಕೇಳಬೇಕು ಅನ್ನುತ್ತಿದ್ದಳು. ಆಗ ಚಿಕ್ಕವ್ವನಿಗೆ ಎಲ್ಲಿಲ್ಲದ ಧೈರ್ಯ ಬರುತ್ತಿತ್ತು. ನನ್ನ ಮುಂಗೈ ಹಿಡಿದುಕೊಂಡು ಎದೆಮಟ್ಟ ಇಳಿದು ಕಣ್ಣು ಮುಚ್ಚಿ ಮುಳುಗೇಳುತ್ತಿದ್ದಳು. ಎದ್ದಾಗ ಬಾಯಿ ತುಂಬ ನಗು, ಮೂಗಿನಿಂದ ನೀರು. ನನ್ನ ಕೈಮೇಲೆ ಅವಳ ಐದು ಬೆರಳಿನ ಗುರುತು.

ನೀರಿಗೆ ಹೆದರುವ ಈ ಚಿಕ್ಕವ್ವನಿಗೇ ಪಾರ್ಕಿನ ಆಸೆ ಹತ್ತಿದ್ದು. ಟಿ.ವಿ.ಯಲ್ಲಿ ಜಾಹೀರಾತು ಬರುತ್ತಿತ್ತು. ನೀಲಿ ನೀರು, ಅದರಲ್ಲಿ ಅಲೆ, ಅಲೆಯ ಮೇಲೆ ಚಪ್ಪಾಳೆ ತಟ್ಟುವ ಜನ. ಆ ನೀರಿನಲ್ಲಿ ತಳ ಕಾಣುತ್ತದೆ ಎಂಬುದು ಅವಳಿಗೆ ದೊಡ್ಡ ಸಂಗತಿಯಾಗಿತ್ತು. ತಳ ಕಂಡರೆ ನನಗೇನು ಭಯ ಎಂದು ಚಿಕ್ಕಪ್ಪನ ಹಿಂದೆ ಬಿದ್ದಳು. ಕೆ.ಆರ್. ನಗರದ ಖಾದರಣ್ಣ ಟೆಂಪೋ ಇಟ್ಟುಕೊಂಡಿದ್ದ. ಮದುವೆ ದಿಬ್ಬಣದಿಂದ ಹಿಡಿದು ಭತ್ತದ ಮೂಟೆಯವರೆಗೆ ನಮ್ಮ ಮನೆಯ ಸವಾರಿ ಎಲ್ಲ ಅವನದೇ. ಪಾರ್ಕಿಗೆ ಹಲವು ಸಲ ಜನರನ್ನು ಕರೆದೊಯ್ದವನು, ಅಲ್ಲಿನ ವಿಷಯದಲ್ಲಿ ಅವನೇ ನಮಗೆ ಪಂಡಿತ. ಕೊಯ್ಲು ಮುಗಿದು ಮನೆ ಹಗುರವಾದ ಒಂದು ಬೆಳಿಗ್ಗೆ ಹೊರಟೆವು. ದನ ನೋಡಿಕೊಳ್ಳಲು ಅಪ್ಪ ಉಳಿದ.

ದಾರಿಯುದ್ದಕ್ಕೂ ಖಾದರಣ್ಣನ ಪಾಠ. ಮೊದಲು ಒಣ ಆಟಗಳೆಲ್ಲ ಆಡಿ ಮುಗಿಸಬೇಕು, ಡೈನೋಸಾರ್ ಮುಂದೆ ಫೋಟೋ ತೆಗೆಸಬೇಕು, ಕಪ್ಪಿನಲ್ಲಿ ಬೆಣ್ಣೆ ಹಾಕಿಕೊಡುವ ಜೋಳ ತಿನ್ನಲೇಬೇಕು, ಊಟವಾದ ಕೂಡಲೇ ತೊಟ್ಟಿಲು ಹತ್ತಬಾರದು. “ವೇವ್ ಪೂಲ್ ಮಾತ್ರ ಕೊನೇಗ್ ಇಟ್ಕೊಳ್ಳಿ ಕಣಮ್ಮ,” ಎಂದ ಚಿಕ್ಕವ್ವನಿಗೆ. “ಮೊದ್ಲೇ ನೆನೆದ್ರೆ ದಿನಾ ಪೂರ್ತಿ ಒದ್ದೆ ಕೋಳಿ ಅಂಗೆ ತಿರುಗ್ಬೇಕಾಯ್ತದೆ.” ಅಜ್ಜಿ ಹಿಂದಿನ ಸೀಟಿನಿಂದ, ನಿನ್ನ ಟೆಂಪೋಲಿ ಕೂತು ಆಗಲೇ ನಮ್ಮ ಮೂಳೆ ಉದುರಿ ಕೋಳಿ ಸಾರಾಗಿದೆ ಬುಡು ಅಂದಳು. ಚಿಕ್ಕವ್ವ ನಗುತ್ತಾ ಅವನು ಹೇಳಿದ್ದನ್ನೆಲ್ಲ ಬೆರಳು ಮಡಚಿ ಮಡಚಿ ನೆನಪಿಟ್ಟುಕೊಂಡಳು. ಅಜ್ಜಿಯ ತೊಡೆಯ ಮೇಲಿನ ಕೈಚೀಲದಲ್ಲಿ ಹೊಳೆ ಸೀರೆ ಇತ್ತು. ನೀರಿಗೆ ಹೋಗುವುದೆಂದರೆ ಅದು ಬೇಕು. ಯಾಕೆ ತಂದೆ ಎಂದು ಯಾರೂ ಕೇಳಲಿಲ್ಲ. ಬುತ್ತಿಯನ್ನು ಯಾಕೆ ತಂದೆ ಎಂದು ಯಾರಾದರೂ ಕೇಳುತ್ತಾರೆಯೇ?

ಆ ಪಾರ್ಕಿನ ಹೆಸರನ್ನು ನಾನು ಬರೆಯುವುದಿಲ್ಲ. ಈಗ ಅದು ಇಲ್ಲವೇ ಇಲ್ಲ. ಆ ದಿನ ಮಧ್ಯಾಹ್ನದವರೆಗೆ ನಾವು ಇದ್ದಷ್ಟು ಸಂತೋಷವಾಗಿ ಮುಂದೆ ಎಂದೂ ಇರಲಿಲ್ಲ. ಚಿಕ್ಕವ್ವ ಬೆಣ್ಣೆ ಜೋಳ ತಿಂದಳು, ನಮ್ಮ ಹೊಲದ ಜೋಳವೇ ವಾಸಿ ಅಂದಳು, ಇನ್ನೊಂದು ಕಪ್ ತಿಂದಳು. ತೊಟ್ಟಿಲು ಮೇಲೆ ಹೋದಾಗ ನಮ್ಮೂರು ಕಾಣುತ್ತದೆಯೇ ಎಂದು ಹುಡುಕಿದಳು. ಡೈನೋಸಾರಿನ ಬಾಯೊಳಗೆ ಕೈಯಿಟ್ಟು ನಿಂತ ಫೋಟೋದಲ್ಲಿ ಅವಳ ಕಣ್ಣು ಮುಚ್ಚಿವೆ. ನಮ್ಮಲ್ಲಿರುವುದು ಅದೊಂದೇ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವ್ವನೂ ಅವಳೂ ಬಾಡಿಗೆಯ ನೈಲಾನ್ ಷರ್ಟು ಚಡ್ಡಿ ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿ, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡು ಕೂತರು. ಅಲ್ಲಿಯವರು ಪಿನ್ನು, ಬಳೆ ಎಲ್ಲ ತೆಗೆದಿಡಬೇಕೆಂದರು. ಮುತ್ತೈದೆ ಬರಿಗೈಯಲ್ಲಿ ನೀರಿಗಿಳಿಯಬಾರದು ಎಂದು ಅಜ್ಜಿ ಗೊಣಗಿದಳು. ಇಲ್ಲಿನ ನೀರಿಗೆ ಅದೆಲ್ಲ ಗೊತ್ತಿಲ್ಲ ಕಣತ್ತೆ ಎಂದು ಚಿಕ್ಕವ್ವ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚಿ, ಹೊಸ ಚಪ್ಪಲಿಯ ಜೊತೆ ಚೀಲಕ್ಕೆ ಹಾಕಿ ಲಾಕರಿನಲ್ಲಿಟ್ಟಳು.

ಅಲೆಗೊಳ ಒಂದು ಕಡೆ ನೆಲದ ಮಟ್ಟದಿಂದ ಶುರುವಾಗಿ ಇಳಿಜಾರಾಗಿ ಆಳಕ್ಕೆ ಹೋಗುತ್ತಿತ್ತು. ಆಳದ ತುದಿಯ ಗೋಡೆಯ ಹಿಂದಿನಿಂದ ಯಂತ್ರ ಅಲೆ ತಳ್ಳುತ್ತದೆ. ನಾವು ಹೋದಾಗ ಯಂತ್ರ ನಿಂತಿತ್ತು, ನೀರು ನಮ್ಮ ಕೆರೆಯಷ್ಟೇ ಶಾಂತವಾಗಿತ್ತು, ತಳ ನಿಜಕ್ಕೂ ಕಾಣುತ್ತಿತ್ತು. ಆಳವಿಲ್ಲದ ಕಡೆ ಜಾತ್ರೆಯಷ್ಟು ಜನ. ಚಿಕ್ಕಪ್ಪ ಜಾರುಬಂಡೆಯ ಸಾಲಿನಲ್ಲಿ ನಿಂತಿದ್ದ. ಚಿಕ್ಕವ್ವ ಪಾದ ನೆನೆಸಿ ಅಜ್ಜಿಯ ಕಡೆ ತಿರುಗಿ ನೋಡಿದಳು. ಅಜ್ಜಿ ನೈಲಾನು ಹಾಕಲಾರೆನೆಂದು ತನ್ನ ಸೀರೆಯಲ್ಲೇ ಹೊರಗೆ ನಿಂತಿದ್ದಳು, ಬಿಸಿಲಿಗೆಂಬಂತೆ ಹೊಳೆ ಸೀರೆಯನ್ನು ತಲೆಯ ಮೇಲೆ ಹೊದ್ದಿದ್ದಳು. ಆ ನೋಟದ ಅರ್ಥ ಅಜ್ಜಿಗೆ ತಿಳಿಯಿತು. ಅವಳು ಮರ ಹುಡುಕಿದಳು.

ಅಲ್ಲಿ ಮರವಿರಲಿಲ್ಲ. ಇದ್ದದ್ದು ಪಕ್ಕದ ಗೋಡೆಗೆ, ನೀರು ಸ್ವಲ್ಪ ಆಳವಾಗುವ ಕಡೆ, ನೀರೊಳಕ್ಕೆ ಇಳಿಬಿಟ್ಟಿದ್ದ ಒಂದು ಸ್ಟೀಲ್ ಏಣಿ. ಅಜ್ಜಿ ಅದರ ಹಿಡಿಯನ್ನು ಅಲ್ಲಾಡಿಸಿ ನೋಡಿ ಮೆಚ್ಚಿದಳು. ಸೀರೆ ಹೊಸೆದು ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದನ್ನು ಚಿಕ್ಕವ್ವನ ಸೊಂಟಕ್ಕೆ ಬಿಗಿದು, ಗಂಟನ್ನು ತಟ್ಟಿ, ತಾನು ಏಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು, ಹೊಳೆಯ ದಡದಲ್ಲಿ ಕೂರುವ ಹಾಗೆಯೇ. ನಾವು ಗುಂಪಿನಿಂದ ದೂರ, ಏಣಿಯ ಹತ್ತಿರ ಇಳಿದೆವು. ಚಿಕ್ಕವ್ವನಿಗೆ ಎದೆಮಟ್ಟ, ನನಗೆ ಕುತ್ತಿಗೆಮಟ್ಟ. ಅವಳು ನನ್ನ ಮುಂಗೈ ಹಿಡಿದಿದ್ದಳು, ನಾನು ಅವಳದ್ದು. ನನ್ನ ಇನ್ನೊಂದು ಕೈ ಅವ್ವನ ಹಿಡಿತದಲ್ಲಿತ್ತು. ಇದನ್ನೆಲ್ಲ ನಾವು ಹುಚ್ಚುತನದಿಂದ ಮಾಡಲಿಲ್ಲ ಎಂದು ನೀವು ತಿಳಿಯಬೇಕು. ನೀರಿನ ವಿಷಯದಲ್ಲಿ ನಮ್ಮಷ್ಟು ಹುಷಾರಾದವರು ಆ ದಿನ ಆ ಪಾರ್ಕಿನಲ್ಲಿ ಯಾರೂ ಇರಲಿಲ್ಲ.

ಸೈರನ್ ಕೂಗಿತು. ಜನ ಹೋ ಎಂದರು. ಗೇಟಿನವರೆಗೂ ಕೇಳುವಂತೆ ಹಾಡು ಹಾಕಿದರು. ಕಾವಲಿನವನೊಬ್ಬ ಸೀಟಿ ಊದುತ್ತಾ ನಮ್ಮ ಕಡೆಗೇ ಕೈ ಬೀಸುತ್ತಿದ್ದದ್ದನ್ನು ನಾನು ನೋಡಿದೆ. ಅವನು ಕುಣಿಯುತ್ತಿದ್ದಾನೆ ಅಂದುಕೊಂಡೆ. ಮೊದಲ ಅಲೆ ನಮ್ಮನ್ನು ಮೆಲ್ಲಗೆ ಎತ್ತಿ ಇಳಿಸಿತು, ಚಿಕ್ಕವ್ವ ಕಿಲಕಿಲ ನಕ್ಕಳು. ಹೊಳೆ ಹೋಗುತ್ತದೆ, ಬರುವುದಿಲ್ಲ. ಈ ನೀರು ಹೋಯಿತು, ಮತ್ತೆ ಬಂತು. ಬಂದಾಗ ಸೀರೆ ಸಡಿಲವಾಯಿತು. ಸಡಿಲವಾದ ಸೀರೆ ಮುಳುಗಿತು, ಹಿಂದಿರುಗಿದ ನೀರು ಅದನ್ನು ಏಣಿಯ ಕೆಳಗಿನ ಮೆಟ್ಟಿಲುಗಳ ನಡುವೆ ನುಗ್ಗಿಸಿ ಸುತ್ತಿತು. ಇದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ, ಮತ್ತೆ ಮತ್ತೆ ಕಣ್ಣು ಮುಚ್ಚಿ ಆ ನೀರಿಗೆ ಇಳಿದು ನೋಡಿದ ಮೇಲೆ. ಆಗ ನನಗೆ ಕಂಡದ್ದು ಇಷ್ಟೇ. ಮುಂದಿನ ಅಲೆ ದೊಡ್ಡದಾಗಿ ಬಂತು, ಎಲ್ಲರೂ ಅದರ ಜೊತೆ ಮೇಲೇರಿದರು, ಚಿಕ್ಕವ್ವ ಏರಲಿಲ್ಲ.

ಅವ್ವನ ಕೈ ತಪ್ಪಿತು. ಅಲೆ ಅವಳನ್ನು ಜನರ ಕಡೆಗೆ ಎಸೆಯಿತು. ನಾನು ಚಿಕ್ಕವ್ವನ ಕೈಯ ತುದಿಯಲ್ಲಿ ನೀರೊಳಗೆ ಉಳಿದೆ. ಕಣ್ಣು ಬಿಟ್ಟಿದ್ದೆ. ಅಲ್ಲಿ ಹಾಡು ಕೇಳುತ್ತಿರಲಿಲ್ಲ, ಢಣ್ ಢಣ್ ಎಂಬ ಒಂದು ಸದ್ದು ಮಾತ್ರ. ಅವಳ ಕೂದಲು ಬಿಚ್ಚಿ ಹರಡಿತ್ತು, ಸೊಂಟ ಏಣಿಗೆ ಅಂಟಿಕೊಂಡಂತೆ ಬಾಗಿತ್ತು. ಮೇಲೆ ಅಜ್ಜಿ, ಏನೋ ಆಗಿದೆಯೆಂದು ತಿಳಿದು, ತನಗೆ ಗೊತ್ತಿದ್ದನ್ನು ಮಾಡಿದ್ದಳು. ಸೀರೆಯನ್ನು ಶಕ್ತಿಯೆಲ್ಲ ಹಾಕಿ ಜಗ್ಗಿದ್ದಳು. ಜಗ್ಗಿದಷ್ಟೂ ಅದು ಬಿಗಿಯಿತು. ಚಿಕ್ಕವ್ವ ನನ್ನನ್ನು ನೋಡಿದಳು. ತಳ ಕಾಣುವಂಥ ನೀರು, ಆದ್ದರಿಂದ ಅವಳ ಮುಖವೂ ಸ್ಪಷ್ಟವಾಗಿ ಕಂಡಿತು. ಆಮೇಲೆ ನನ್ನ ಮುಂಗೈಯ ಮೇಲಿನ ಬೆರಳುಗಳು ಬಿಚ್ಚಿದವು. ಶಕ್ತಿಗುಂದಿದ ಕೈ ಒಮ್ಮೆಲೇ ಜಾರುತ್ತದೆ. ಅವಳದ್ದು ಜಾರಲಿಲ್ಲ. ಕಿರುಬೆರಳು ಮೊದಲು, ಕೊನೆಗೆ ಹೆಬ್ಬೆರಳು. ಬಳೆ ಕಳಚಿದ ಹಾಗೆ ಒಂದೊಂದಾಗಿ. ಅವಳನ್ನು ಹಿಡಿದಿದ್ದ ನನ್ನ ಬೆರಳುಗಳನ್ನೂ ತನ್ನ ಇನ್ನೊಂದು ಕೈಯಿಂದ ಬಿಡಿಸಿ ನನ್ನ ಎದೆಯನ್ನು ಮೇಲಕ್ಕೆ ನೂಕಿದಳು. ನಾನು ಬೆಳಕಿಗೆ ಬಂದೆ.

ಅಜ್ಜಿ ಆಗಲೇ ನೀರಿನಲ್ಲಿದ್ದಳು. ಏಣಿಗೆ ಜೋತುಬಿದ್ದು ತನ್ನ ಗಂಟನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಒದ್ದೆ ನೂಲಿನ ಗಂಟು. ಕಾವಲಿನವರು ಬಂದು ಸೀರೆ ಕತ್ತರಿಸಿದರು, ಯಂತ್ರ ನಿಂತಿತು, ನೀರು ಮತ್ತೆ ಕೆರೆಯಷ್ಟು ಶಾಂತವಾಯಿತು. ಖಾದರಣ್ಣ ಹಾರನ್ ಒತ್ತಿಕೊಂಡೇ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಅವರು ಹೇಳಬೇಕಾದ್ದನ್ನು ಕಾರಿಡಾರಿನಲ್ಲೇ ಹೇಳಿದರು. ಚಿಕ್ಕಪ್ಪ ಇನ್ನೂ ಬಾಡಿಗೆಯ ಚಡ್ಡಿಯಲ್ಲಿದ್ದ. ಕೆಲವು ದಿನಗಳ ಮೇಲೆ ಖಾದರಣ್ಣ ಲಾಕರಿನ ಚೀಲ ತಂದು ಜಗುಲಿಯ ಮೇಲಿಟ್ಟು, ನೀರು ಕೂಡ ಕುಡಿಯದೆ ಹೊರಟುಹೋದ. ಒಂದು ಬಳೆಯೂ ಒಡೆದಿರಲಿಲ್ಲ.

ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಸಲ. ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದೆವು.

“ಕೂಸೇ, ಅವ್ಳು ಕೈ ಬುಟ್ಟಳಾ?”

“ಹೂಂ ಅಜ್ಜಿ. ಬುಟ್ಟು ನನ್ನ ಮ್ಯಾಕೆ ನೂಕುದ್ರು.”

ಅವಳು ಹಸುವಿನ ಹಗ್ಗವನ್ನು ಕೈಗೆ ಸುತ್ತಿಕೊಂಡಳು. “ಅವ್ಳು ನಮ್ಮನೆಗೆ ಬಂದು ಕಲ್ತಿದ್ದೆಲ್ಲಾ ಬುಟ್ಲು,” ಅಂದಳು, “ಅದ್ಕೆ ನೀನು ಉಳ್ಕೊಂಡೆ.” ಆಮೇಲೆ ಕೈಯಲ್ಲಿದ್ದ ಹಗ್ಗವನ್ನು ಗೂಟಕ್ಕೆ ಕಟ್ಟದೆ ಕೆಳಗೆ ಹಾಕಿ ಒಳಗೆ ಹೋದಳು. ಆ ಹಸು ಸಂಜೆ ಪಕ್ಕದ ಗದ್ದೆಯಲ್ಲಿ ಸಿಕ್ಕಿತು.

ಅಂದಿನಿಂದ ಸಾಯುವವರೆಗೆ ಅಜ್ಜಿ ಒಂದು ಗಂಟೂ ಹಾಕಲಿಲ್ಲ. ನನ್ನ ಜಡೆಯನ್ನು ಹೆಣೆದು ತುದಿಯನ್ನು ಹಾಗೇ ಬಿಡುತ್ತಿದ್ದಳು, ಶಾಲೆ ಮುಟ್ಟುವಷ್ಟರಲ್ಲಿ ಅದು ಬಿಚ್ಚಿರುತ್ತಿತ್ತು. ನಮ್ಮ ದೇವರಿಗೆ ಕಟ್ಟಿದ ಹೂ ನಿಂತುಹೋಯಿತು, ಬಿಡಿ ಹೂವೇ ತಟ್ಟೆಯಲ್ಲಿ. ಹೊಳೆಗೆ ಹೋಗುವುದೂ ನಿಂತಿತು, ಬಚ್ಚಲಿಗೆ ಪೈಪು ಬಂತು. ಚಿಕ್ಕಪ್ಪ ಬೇಗೂರಿಗೆ ಅವಳ ಅಪ್ಪ ಅಮ್ಮನನ್ನು ನೋಡಿ ಬರುತ್ತೇನೆಂದು ಹೋದವನು ಅವರ ಹೊಲದಲ್ಲೇ ಉಳಿದ. ಹಬ್ಬಕ್ಕೂ ಬರುವುದು ಕಡಿಮೆಯಾಯಿತು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಕಟ್ಟಿಡುವುದು ಮರೆತ ಹೊರೆಯಂತೆ ಅದು ತಾನೇ ಸಡಿಲವಾಗಿ ಚೆಲ್ಲಿಹೋಯಿತು. ಅಜ್ಜಿ ಹೋದ ದಿನ ಶಾಸ್ತ್ರದಂತೆ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಬೇಕಿತ್ತು. ಅವ್ವ ದಾರ ಹಿಡಿದು ಪಾದದ ಹತ್ತಿರ ಬಾಗಿದಳು. ದೊಡ್ಡವರು ಅವಸರ ಮಾಡಿದರು. ಅವಳು ದಾರವನ್ನು ಒಂದು ಸುತ್ತು ಸುತ್ತಿ, ಗಂಟು ಹಾಕದೆ, ತುದಿಯನ್ನು ಬೆರಳುಗಳ ನಡುವೆ ಸಿಕ್ಕಿಸಿ ಎದ್ದಳು. ತೊಟ್ಟಿಮನೆ ಇದ್ದ ಜಾಗದಲ್ಲಿ ಈಗ ಯಾರದೋ ಭತ್ತ ಒಣಗಿಸುವ ಸಿಮೆಂಟ್ ಕಣ ಇದೆ. ಹೊಳೆಮತ್ತಿಯ ಬೇರಿನಲ್ಲಿ ಸೀರೆ ಉಜ್ಜಿ ಉಜ್ಜಿ ಸವೆದ ನುಣುಪು ಮಾತ್ರ ಹಾಗೇ ಇದೆ. ಕಳೆದ ವರ್ಷ ಹೋಗಿ ಮುಟ್ಟಿ ನೋಡಿದೆ.

ಸಿರಿ ಹೋಗಬೇಕೆಂದು ಹಟ ಮಾಡಲಿಲ್ಲ. ಹಟ ಮಾಡಿದ್ದರೆ ಬೇಡ ಅನ್ನುವುದು ಸುಲಭವಿತ್ತು. ಅವಳು ಸುಮ್ಮನೆ ನನ್ನ ಮುಖ ನೋಡುತ್ತಾ ಕಾದಳು. ಅವಳ ಟೀಚರಿಗೆ ನಾನು ಫೋನ್ ಮಾಡಿ, ಅಲೆಗೊಳದಲ್ಲಿ ಮಕ್ಕಳು ಆಳವಿಲ್ಲದ ಕಡೆಯೇ ಇರಲಿ ಎಂದೆ. ಸರಿ ಮೇಡಂ, ಮಕ್ಕಳಿಗೆ ಕೈ ಕೈ ಹಿಡಿದುಕೊಳ್ಳಲು ಹೇಳುತ್ತೇವೆ ಎಂದರು ಅವರು. ನಾನು ಫೋನ್ ಇಟ್ಟೆ. ಹಿಡಿದುಕೊಳ್ಳಬೇಡಿ ಅಂದರೆ ಅಜ್ಜಿಗೆ ಎರಡು ಬಗೆದಂತೆ, ಹಿಡಿದುಕೊಳ್ಳಿ ಅಂದರೆ ಚಿಕ್ಕವ್ವನಿಗೆ.

ಬಸ್ಸು ನಮ್ಮ ಬೀದಿಯ ತುದಿಗೇ ಬಂತು. ಮಕ್ಕಳು ಕಿಟಕಿಯಿಂದ ಅವಳ ಹೆಸರು ಕೂಗುತ್ತಿದ್ದರು. “ಅಮ್ಮ, ಬಿಡು, ನೋಯ್ತದೆ,” ಎಂದಳು ಸಿರಿ. ನೋಡಿದರೆ ನಾನು ಹಿಡಿದದ್ದು ಅವಳ ಬೆರಳನ್ನಲ್ಲ, ಮುಂಗೈಯನ್ನು. ನನಗೆ ಕಲಿಸಿದ ಹಾಗೆಯೇ. ಬಿಡುವುದನ್ನೂ ಒಬ್ಬರು ಕಲಿಸಿದ್ದರು. ಕಿರುಬೆರಳು ಮೊದಲು, ಕೊನೆಗೆ ಹೆಬ್ಬೆರಳು. ಅವಳ ಎಳೆ ಚರ್ಮದ ಮೇಲೆ ನನ್ನ ಕೈಯ ಬಿಳಿ ಗುರುತು ಒಂದು ಕ್ಷಣ ನಿಂತು, ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಅಳಿಸಿಹೋಯಿತು.